ಅಧ್ಯಕ್ಷರು ಹೋದರು, ನಂಬಿಕೆ ವಾಪಸ್ ಬರಲಿಲ್ಲ: ವಾಟರ್‌ಗೇಟ್ ಮಾಡಿದ್ದೇನು?

ಅಮೆರಿಕದ ಜನರನ್ನು 1958ರಿಂದಲೂ ಸಮೀಕ್ಷೆಗಳಲ್ಲಿ ಒಂದು ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ವಾಷಿಂಗ್ಟನ್ನಿನಲ್ಲಿರುವ ಸರ್ಕಾರ ಸರಿಯಾದದ್ದನ್ನೇ ಮಾಡುತ್ತದೆ ಅಂತ ನೀವು ಎಷ್ಟರ ಮಟ್ಟಿಗೆ ನಂಬುತ್ತೀರಿ? ಹೆಚ್ಚುಕಮ್ಮಿ ಯಾವಾಗಲೂ, ಬಹುತೇಕ ಸಲ, ಇಲ್ಲಾ ಕೆಲವು ಸಲ ಮಾತ್ರ? 1964ರಲ್ಲಿ ನೂರಕ್ಕೆ 77 ಮಂದಿ ಮೊದಲ ಎರಡರಲ್ಲಿ ಒಂದು ಉತ್ತರ ಕೊಟ್ಟಿದ್ದರು. ಹತ್ತು ವರ್ಷ ಬಿಟ್ಟು 1974ರಲ್ಲಿ ಹಾಗೆ ಹೇಳಿದವರು 36 ಮಂದಿ.

ಈ ಕುಸಿತಕ್ಕೆ ಕಾರಣ ಏನು ಅಂತ ಯಾರನ್ನೇ ಕೇಳಿ, ವಾಟರ್‌ಗೇಟ್ ಹಗರಣ ಅನ್ನುತ್ತಾರೆ. ಅದು ಅರ್ಧ ಸರಿ. ಉಳಿದರ್ಧ ಇನ್ನೂ ಕುತೂಹಲದ್ದು. ಯಾಕೆಂದರೆ ವಾಟರ್‌ಗೇಟ್‌ನಲ್ಲಿ ಕಳ್ಳರು ಸಿಕ್ಕಿಬಿದ್ದರು. ಕೋರ್ಟು ಬಗ್ಗಲಿಲ್ಲ. ಸಂಸತ್ತು ತನಿಖೆ ಮಾಡಿತು. ಪತ್ರಿಕೆಗಳು ಬರೆದವು. ಕೊನೆಗೆ ದೇಶದ ಅತ್ಯಂತ ಬಲಶಾಲಿ ವ್ಯಕ್ತಿ, ಅಧ್ಯಕ್ಷ ರಿಚರ್ಡ್ ನಿಕ್ಸನ್, ಕುರ್ಚಿ ಬಿಟ್ಟು ಇಳಿಯಬೇಕಾಯಿತು. ವ್ಯವಸ್ಥೆ ಕೆಲಸ ಮಾಡುವುದು ಅಂದರೆ ಇದೇ ಅಲ್ವಾ? ಹಾಗಿದ್ದ ಮೇಲೆ ಜನರ ನಂಬಿಕೆ ಜಾಸ್ತಿಯಾಗಬೇಕಿತ್ತು. ಆಗಲಿಲ್ಲ. ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಬಾಗಿಲಿಗೆ ಅಂಟಿಸಿದ್ದ ಟೇಪು

1972ರ ಜೂನ್ 17, ಶನಿವಾರ, ನಡುರಾತ್ರಿ ಕಳೆದಿತ್ತು. ವಾಷಿಂಗ್ಟನ್ನಿನ ವಾಟರ್‌ಗೇಟ್ ಎಂಬ ದೊಡ್ಡ ಕಟ್ಟಡ ಸಮುಚ್ಚಯ. ರಾತ್ರಿ ಪಾಳಿಯ ಕಾವಲುಗಾರ ಫ್ರಾಂಕ್ ವಿಲ್ಸ್, 24 ವರ್ಷದ ಹುಡುಗ, ಸುತ್ತು ಹಾಕುತ್ತಿದ್ದ. ನೆಲಮಾಳಿಗೆಯ ಬಾಗಿಲಿನ ಚಿಲಕದ ಮೇಲೆ ಅಂಟುಟೇಪು ಕಂಡಿತು. ಬಾಗಿಲು ಹಾಕಿದರೂ ಲಾಕ್ ಆಗದ ಹಾಗೆ ಯಾರೋ ಅಂಟಿಸಿದ್ದರು. ಕ್ಲೀನಿಂಗ್‌ನವರು ಹಾಕಿರಬೇಕು ಅಂದುಕೊಂಡು ಕಿತ್ತುಹಾಕಿದ. ಆಮೇಲೆ ಮತ್ತೆ ಬಂದು ನೋಡಿದರೆ ಅದೇ ಬಾಗಿಲಿಗೆ ಮತ್ತೆ ಟೇಪು! ಅವನು ಪೊಲೀಸರಿಗೆ ಫೋನ್ ಮಾಡಿದ. ತನ್ನ ಡ್ಯೂಟಿ ಪುಸ್ತಕದಲ್ಲಿ ಬಾಗಿಲಿಗೆ ಟೇಪು ಇದ್ದದ್ದನ್ನೂ ಪೊಲೀಸರನ್ನು ಕರೆದದ್ದನ್ನೂ ಬರೆದ. ಆ ಹಾಳೆ ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

ಬಂದ ಪೊಲೀಸರು ಸಾದಾ ಬಟ್ಟೆಯಲ್ಲಿದ್ದರು, ಕಾರಿನ ಮೇಲೂ ಪೊಲೀಸ್ ಗುರುತು ಇರಲಿಲ್ಲ. ಹಾಗಾಗಿ ಎದುರಿನ ಹೋಟೆಲಿನಲ್ಲಿ ಕಾವಲಿಗೆ ಕೂತಿದ್ದವನು ತನ್ನವರನ್ನು ಸಮಯಕ್ಕೆ ಸರಿಯಾಗಿ ಎಚ್ಚರಿಸಲಿಲ್ಲ. ಆರನೇ ಮಹಡಿಯಲ್ಲಿ ನಿಕ್ಸನ್ ಅವರ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕೇಂದ್ರ ಕಚೇರಿ. ಅಲ್ಲಿ ಐದು ಜನ ಸಿಕ್ಕರು. ಸೂಟು ತೊಟ್ಟಿದ್ದರು, ಕೈಗೆ ಆಪರೇಷನ್ ಥಿಯೇಟರಿನ ರಬ್ಬರ್ ಗ್ಲೌಸು. ಹತ್ತಿರ ಕ್ಯಾಮೆರಾ, ಕದ್ದು ಕೇಳುವ ಸಲಕರಣೆ, ಮತ್ತು ಒಂದರ ಹಿಂದೆ ಒಂದು ನಂಬರಿರುವ 100 ಡಾಲರಿನ ಹೊಸ ನೋಟುಗಳು. ಮೇ ತಿಂಗಳಲ್ಲೇ ಒಮ್ಮೆ ಒಳಗೆ ನುಗ್ಗಿ ಫೋನಿಗೆ ಕದ್ದು ಕೇಳುವ ಯಂತ್ರ ಇಟ್ಟಿದ್ದರು. ಅದರಲ್ಲಿ ಒಂದು ಸರಿಯಾಗಿ ಕೆಲಸ ಮಾಡಲಿಲ್ಲ. ಅದನ್ನು ಸರಿಪಡಿಸಲು ಎರಡನೇ ಸಲ ಬಂದಿದ್ದರು.

ಐವರಲ್ಲಿ ಒಬ್ಬ ಜೇಮ್ಸ್ ಮೆಕಾರ್ಡ್. ಹಿಂದೆ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯಲ್ಲಿದ್ದವನು. ಆಗ ಅವನ ನೌಕರಿ ಯಾವುದು ಗೊತ್ತಾ? ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಮರುಚುನಾವಣಾ ಸಮಿತಿಯ ಭದ್ರತಾ ಅಧಿಕಾರಿ. ಇನ್ನೊಬ್ಬನ ಹತ್ತಿರ ಸಿಕ್ಕ ವಿಳಾಸದ ಪುಸ್ತಕದಲ್ಲಿ ಹೊವರ್ಡ್ ಹಂಟ್ ಎಂಬ ಹೆಸರಿತ್ತು, ಅದರ ಜೊತೆ ಶ್ವೇತಭವನದ ಗುರುತೂ ಇತ್ತು.

ಅಧ್ಯಕ್ಷರ ಪತ್ರಿಕಾ ಕಾರ್ಯದರ್ಶಿ ರಾನ್ ಝೀಗ್ಲರ್ ಇದನ್ನು ಮೂರನೇ ದರ್ಜೆಯ ಕಳ್ಳತನದ ಪ್ರಯತ್ನ ಅಂತ ಹೇಳಿ ಕೈ ತೊಳೆದುಕೊಂಡರು.

ಮುಚ್ಚಿಡುವ ದರ್ದು ಏನಿತ್ತು?

ತುಂಬಾ ಜನ ಎಡವುವುದು ಇಲ್ಲೇ. ಈ ಕಳ್ಳತನಕ್ಕೆ ನಿಕ್ಸನ್ ಅವರೇ ಆದೇಶ ಕೊಟ್ಟರು ಅನ್ನುವುದಕ್ಕೆ ಇವತ್ತಿಗೂ ಪುರಾವೆ ಸಿಕ್ಕಿಲ್ಲ. ಹಾಗಾದರೆ ಆ ಐವರನ್ನು ಜೈಲಿಗೆ ಕಳಿಸಿ, ಸಮಿತಿಯ ಇಬ್ಬರು ಮೂವರನ್ನು ಮನೆಗೆ ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಚುನಾವಣೆಯಲ್ಲಿ ಅವರೇ ಮುಂದಿದ್ದರು.

ಹಾಗೆ ಮಾಡುವ ಹಾಗಿರಲಿಲ್ಲ. ಯಾಕೆಂದರೆ ಈ ಕಳ್ಳತನದ ಹಿಂದಿದ್ದ ಇದೇ ಹಂಟ್, ಇವನ ಜೊತೆಗಾರ ಗಾರ್ಡನ್ ಲಿಡ್ಡಿ ಅದಕ್ಕೂ ಮೊದಲು ಶ್ವೇತಭವನದ ಒಳಗೇ ಒಂದು ಗುಪ್ತ ತಂಡದಲ್ಲಿದ್ದರು. ಆ ತಂಡಕ್ಕೆ ಅಲ್ಲಿನವರು ಇಟ್ಟಿದ್ದ ಹೆಸರು ‘ಪ್ಲಂಬರ್ಸ್’. ಸೋರಿಕೆ ನಿಲ್ಲಿಸುವುದು ಅವರ ಕೆಲಸ. 1971ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ವಿಯೆಟ್ನಾಂ ಯುದ್ಧದ ಗುಪ್ತ ದಾಖಲೆಗಳನ್ನು ಪತ್ರಿಕೆಗಳಿಗೆ ಕೊಟ್ಟಿದ್ದರು. ಅವರ ಹೆಸರು ಕೆಡಿಸಲು ಏನಾದರೂ ಸಿಗುತ್ತದಾ ಅಂತ ಈ ತಂಡ ಆ ವರ್ಷ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಅವರ ಮನೋವೈದ್ಯರ ಕ್ಲಿನಿಕ್ಕಿಗೆ ನುಗ್ಗಿತ್ತು. ವಾಟರ್‌ಗೇಟ್ ಕಳ್ಳರು ಬಾಯಿಬಿಟ್ಟರೆ ಅದೆಲ್ಲ ಹೊರಗೆ ಬರುತ್ತಿತ್ತು. ಕದ್ದು ಕೇಳುವ ಯೋಜನೆಯನ್ನು ಲಿಡ್ಡಿ ಮೊದಲು ವಿವರಿಸಿದ್ದು ಎಲ್ಲಿ ಅಂತ ತಿಳಿದರೆ ಇನ್ನೂ ಆಶ್ಚರ್ಯ. ಅಟಾರ್ನಿ ಜನರಲ್ ಜಾನ್ ಮಿಚೆಲ್ ಅವರ ಕಚೇರಿಯಲ್ಲಿ. ಅಂದರೆ ಇಡೀ ದೇಶದ ಕಾನೂನು ಕಾಯಬೇಕಾದವರ ಎದುರಿಗೆ.

ಇದರ ಹಿಂದೆ ಚುನಾವಣಾ ದುಡ್ಡಿನ ಗುಟ್ಟೂ ಇತ್ತು. ಪ್ರಚಾರಕ್ಕೆ ಅಂತ ಬಂದಿದ್ದ 25,000 ಡಾಲರಿನ ಒಂದು ಚೆಕ್ಕು ಕೊನೆಗೆ ಜಮೆಯಾದದ್ದು ಕಳ್ಳರಲ್ಲೊಬ್ಬನಾದ ಬರ್ನಾರ್ಡ್ ಬಾರ್ಕರ್‌ನ ಬ್ಯಾಂಕ್ ಖಾತೆಗೆ. ದೇಶದೊಳಗಿನ ಅಪರಾಧಗಳ ತನಿಖೆ ಮಾಡುವ ಎಫ್‌ಬಿಐ ಆ ದುಡ್ಡಿನ ಜಾಡು ಹಿಡಿದು ಹೊರಟಿತ್ತು.

ಅದನ್ನು ತಡೆಯಬೇಕಿತ್ತು. ಕಳ್ಳತನ ನಡೆದು ಆರೇ ದಿನಕ್ಕೆ, ಜೂನ್ 23ರಂದು, ನಿಕ್ಸನ್ ಮತ್ತು ಅವರ ಮುಖ್ಯ ಸಹಾಯಕ ಎಚ್.ಆರ್. ಹಾಲ್ಡ್‌ಮನ್ ಕೂತು ಮಾತಾಡಿದರು. ಸಿಐಎ ಕಡೆಯಿಂದ ಎಫ್‌ಬಿಐಗೆ ಹೇಳಿಸೋಣ, ಇದು ದೇಶದ ಭದ್ರತೆಯ ವಿಷಯ, ಈ ಕಡೆ ಬರಬೇಡಿ ಅಂತ. ನಿಕ್ಸನ್ ಒಪ್ಪಿದರು. ಮಾಡಿದ ತಪ್ಪು ಬೇರೆಯವರದ್ದೇ ಇರಬಹುದು, ಆ ಗಳಿಗೆಯಿಂದ ಅದು ಅಧ್ಯಕ್ಷರದ್ದೂ ಆಯಿತು. ಆಮೇಲೆ ಕಳ್ಳರ ಬಾಯಿ ಮುಚ್ಚಿಸಲು ನಗದು ಹೋಯಿತು, ಒಟ್ಟು ನಾಲ್ಕು ಲಕ್ಷ ಡಾಲರಿಗೂ ಮೇಲೆ.

1972ರ ಆಗಸ್ಟ್ 29ರ ಪತ್ರಿಕಾಗೋಷ್ಠಿಯನ್ನು ನಾನು ಈ ಕತೆಯ ಮುಖ್ಯ ಜಾಗ ಅಂತ ಎಣಿಸುತ್ತೇನೆ. ನಿಕ್ಸನ್ ಅಂದು ಹೇಳಿದರು: ನನ್ನ ವಕೀಲ ಜಾನ್ ಡೀನ್ ಪೂರ್ತಿ ತನಿಖೆ ಮಾಡಿದ್ದಾರೆ, ಈಗ ಶ್ವೇತಭವನದಲ್ಲಿ ಕೆಲಸದಲ್ಲಿರುವ ಯಾರೂ ಇದರಲ್ಲಿಲ್ಲ. ಇಂಥದ್ದು ನಡೆದದ್ದಕ್ಕಿಂತ ಅದನ್ನು ಮುಚ್ಚಿಡಲು ನೋಡಿದರೆ ಅದೇ ನಿಜವಾಗಿ ನೋವಿನ ವಿಷಯ ಅಂತಲೂ ಅದೇ ಮಾತಿನ ಜೊತೆ ಹೇಳಿದರು. ಡೀನ್ ಅಂಥ ತನಿಖೆಯನ್ನೇ ಮಾಡಿರಲಿಲ್ಲ. ತನ್ನ ಹೆಸರಿನಲ್ಲಿ ಒಂದು ತನಿಖೆ ನಡೆದಿದೆ ಅನ್ನುವುದು ಡೀನ್‌ಗೆ ಗೊತ್ತಾದದ್ದೇ ಟಿವಿ ನೋಡಿ. ಎದುರಿಗೆ ಕೂತ ಇಡೀ ದೇಶದ ಮುಖ ನೋಡಿಕೊಂಡು ಹೇಳಿದ ಸುಳ್ಳು ಅದು.

ಜನ ನಂಬಿದರು. ನವೆಂಬರಿನಲ್ಲಿ ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು. ನೂರಕ್ಕೆ 60ಕ್ಕೂ ಹೆಚ್ಚು ಮತ ಬಿತ್ತು. ಮುಂದೆ ಜನರಿಗೆ ಆದ ಗಾಯದ ಆಳ ಗೊತ್ತಾಗಬೇಕಾದರೆ ಈ ಅಂಕಿ ನೆನಪಿರಬೇಕು. ಮೋಸ ಹೋದವರು ಅಧ್ಯಕ್ಷರ ವಿರೋಧಿಗಳಲ್ಲ, ಅವರಿಗೆ ಮತ ಹಾಕಿದವರು.

ಗೋಡೆಗೆ ಕಿವಿ ಇತ್ತು

1973ರ ಮಾರ್ಚಿನಲ್ಲಿ ಬಿರುಕು ಬಿಟ್ಟಿತು. ಕಳ್ಳರ ವಿಚಾರಣೆ ನಡೆಸಿದ ನ್ಯಾಯಾಧೀಶ ಜಾನ್ ಸಿರಿಕಾ ಅವರಿಗೆ ಇದು ಐದಾರು ಜನರ ಕೆಲಸ ಅಂತ ಅನ್ನಿಸಿರಲಿಲ್ಲ. ದೊಡ್ಡ ಶಿಕ್ಷೆಯ ಭಯ ಎದುರಿಗಿದ್ದಾಗ ಮೆಕಾರ್ಡ್ ಅವರಿಗೆ ಪತ್ರ ಬರೆದ. ತಪ್ಪೊಪ್ಪಿಕೊಂಡು ಬಾಯಿ ಮುಚ್ಚಿಕೊಂಡಿರಿ ಅಂತ ಒತ್ತಡ ಇತ್ತು, ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಲಾಗಿದೆ ಅನ್ನುವುದು ಅದರ ಸಾರ. ಏಪ್ರಿಲ್ 30ಕ್ಕೆ ಹಾಲ್ಡ್‌ಮನ್ ಮತ್ತು ಅಧ್ಯಕ್ಷರ ಇನ್ನೊಬ್ಬ ಹಿರಿಯ ಸಹಾಯಕ ಜಾನ್ ಅರ್ಲಿಕ್‌ಮನ್ ರಾಜೀನಾಮೆ ಕೊಟ್ಟರು. ಡೀನ್ ಅವರನ್ನು ತೆಗೆದುಹಾಕಿದರು.

ಮೇ ತಿಂಗಳಿಂದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯ ವಿಚಾರಣೆ ಟಿವಿಯಲ್ಲಿ ಬರತೊಡಗಿತು. ಅಧ್ಯಕ್ಷತೆ ನಾರ್ತ್ ಕ್ಯಾರೊಲಿನಾದ ಹಿರಿಯ ಸೆನೆಟರ್ ಸ್ಯಾಮ್ ಅರ್ವಿನ್ ಅವರದ್ದು. ಮೂರು ದೊಡ್ಡ ಚಾನೆಲ್ಲುಗಳು ಪಾಳಿ ಹಾಕಿಕೊಂಡು ಹಗಲಿನಲ್ಲಿ ತೋರಿಸಿದವು, ರಾತ್ರಿ ಸಾರ್ವಜನಿಕ ಟಿವಿ ಮತ್ತೆ ಹಾಕಿತು. ಜೂನಿನಲ್ಲಿ ಡೀನ್ 245 ಪುಟಗಳ ಹೇಳಿಕೆಯನ್ನು ಒಂದೇ ದನಿಯಲ್ಲಿ ಓದಿದರು. ಈ ಮುಚ್ಚಿಡುವ ಕೆಲಸ ಅಧ್ಯಕ್ಷರಿಗೆ ಗೊತ್ತಿತ್ತು ಅಂದರು. ಅಧ್ಯಕ್ಷರು ಇಲ್ಲ ಅಂದರು. ಒಬ್ಬ ಕೆಳಗಿನ ವಕೀಲನ ಮಾತು ಒಂದು ಕಡೆ, ಅಧ್ಯಕ್ಷರ ಮಾತು ಇನ್ನೊಂದು ಕಡೆ. ಅಲ್ಲಿಗೇ ನಿಂತಿದ್ದರೆ ಬಹುಶಃ ನಿಕ್ಸನ್ ಉಳಿದುಕೊಳ್ಳುತ್ತಿದ್ದರು.

ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಮಾಜಿ ಸಹಾಯಕ ಸಾಕ್ಷಿ ಹೇಳಲು ಬಂದರು. ಅಧ್ಯಕ್ಷರ ಕಚೇರಿಯಲ್ಲಿ ಧ್ವನಿಮುದ್ರಣದ ವ್ಯವಸ್ಥೆ ಇತ್ತಾ ಅಂತ ಸಮಿತಿಯವರು ಕೇಳಿದರು. ಇತ್ತು ಅಂದರು. 1971ರ ಫೆಬ್ರವರಿಯಿಂದ ಅಧ್ಯಕ್ಷರ ಮೇಜಿನಲ್ಲಿ, ಅಗ್ಗಿಷ್ಟಿಕೆಯ ಪಕ್ಕದ ದೀಪಗಳಲ್ಲಿ ಮೈಕುಗಳಿದ್ದವು. ಯಾರಾದರೂ ಮಾತಾಡಿದರೆ ಸಾಕು, ಯಂತ್ರ ತಾನೇ ಶುರುವಾಗುತ್ತಿತ್ತು. ಹೀಗೆ ಮೂರು ಸಾವಿರ ಗಂಟೆಗೂ ಹೆಚ್ಚಿನ ಮಾತು ಶೇಖರವಾಗಿತ್ತು. ಡೀನ್ ನಿಜ ಹೇಳಿದರೋ, ಅಧ್ಯಕ್ಷರು ನಿಜ ಹೇಳಿದರೋ ಅಂತ ಈಗ ಯಾರೂ ಊಹಿಸಬೇಕಿರಲಿಲ್ಲ. ಟೇಪು ಹಾಕಿ ಕೇಳಿದರೆ ಆಯಿತು.

(ನಮಗೂ ಈ ಟೇಪುಗಳಿಗೂ ಒಂದು ನಂಟಿದೆ. 1971ರ ಬಾಂಗ್ಲಾ ಬಿಕ್ಕಟ್ಟಿನ ಹೊತ್ತಿನಲ್ಲಿ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಇಂದಿರಾ ಗಾಂಧಿ ಅವರ ಬಗ್ಗೆ, ಭಾರತೀಯರ ಬಗ್ಗೆ ಆಡಿದ ಹೀನ ಮಾತುಗಳು ಹೊರಬಂದದ್ದು ಇದೇ ಟೇಪುಗಳಿಂದ. 2005ರಲ್ಲಿ ಅವು ಸುದ್ದಿಯಾದಾಗ ಕಿಸಿಂಜರ್ ವಿಷಾದ ಹೇಳಬೇಕಾಯಿತು.)

ಟೇಪು ಕೊಡಿ ಅಂತ ವಿಶೇಷ ಪ್ರಾಸಿಕ್ಯೂಟರ್, ಅಂದರೆ ಈ ಕೇಸಿನ ತನಿಖೆಗೆಂದೇ ನೇಮಿಸಿದ್ದ ಸರ್ಕಾರಿ ವಕೀಲ, ಆರ್ಚಿಬಾಲ್ಡ್ ಕಾಕ್ಸ್ ಪಟ್ಟು ಹಿಡಿದರು. ಅಕ್ಟೋಬರ್ 20, ಶನಿವಾರ ರಾತ್ರಿ, ಅವರನ್ನು ಕಿತ್ತುಹಾಕಿ ಅಂತ ನಿಕ್ಸನ್ ಹೊಸ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್‌ಗೆ ಹೇಳಿದರು. ಕಾಕ್ಸ್ ಅವರ ಕೆಲಸಕ್ಕೆ ಅಡ್ಡ ಬರುವುದಿಲ್ಲ ಅಂತ ರಿಚರ್ಡ್‌ಸನ್ ಸೆನೆಟ್‌ಗೆ ಮಾತು ಕೊಟ್ಟಿದ್ದರು. ಆಗುವುದಿಲ್ಲ ಅಂದು ರಾಜೀನಾಮೆ ಕೊಟ್ಟರು. ಅವರ ಕೆಳಗಿನ ವಿಲಿಯಂ ರಕಲ್ಸ್‌ಹೌಸ್ ಕೂಡ ಒಪ್ಪದೆ ಹೊರಬಿದ್ದರು. ಮೂರನೆಯವರಾದ ರಾಬರ್ಟ್ ಬೋರ್ಕ್ ಆದೇಶ ಪಾಲಿಸಿದರು. ವಾಷಿಂಗ್ಟನ್ನಿಗೆ ಟೆಲಿಗ್ರಾಂಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ಸಾಮಾನ್ಯ ಜನ ಸ್ವಂತ ದುಡ್ಡು ಕೊಟ್ಟು ತಮ್ಮ ಸಿಟ್ಟನ್ನು ತಂತಿಯಲ್ಲಿ ಕಳಿಸಿದರು. ಅದಕ್ಕೆ ಹತ್ತು ದಿನ ಮೊದಲಷ್ಟೇ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಬೇರೆಯದೇ ಲಂಚ, ತೆರಿಗೆ ವಂಚನೆಯ ಕೇಸಿನಲ್ಲಿ ರಾಜೀನಾಮೆ ಕೊಟ್ಟಿದ್ದರು. ಅಂದರೆ ಒಂದೇ ತಿಂಗಳಲ್ಲಿ ಜನ ಎಷ್ಟು ಪೆಟ್ಟು ತಿಂದರು ನೋಡಿ.

ನಿಕ್ಸನ್ ಕೆಲವು ಟೇಪು ಕೊಟ್ಟರು. 1972ರ ಜೂನ್ 20ರ ಟೇಪಿನಲ್ಲಿ, ಅಂದರೆ ಕಳ್ಳತನ ನಡೆದ ಮೂರು ದಿನಕ್ಕೆ ಹಾಲ್ಡ್‌ಮನ್ ಜೊತೆ ಆಡಿದ ಮಾತಿನಲ್ಲಿ, ಹದಿನೆಂಟೂವರೆ ನಿಮಿಷ ಬರೀ ಗುಂಯ್ ಅನ್ನುವ ಸದ್ದು. ಅಧ್ಯಕ್ಷರ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ ಅದರಲ್ಲಿ ಸುಮಾರು ಐದು ನಿಮಿಷ ತನ್ನಿಂದ ಅಳಿಸಿಹೋಗಿರಬಹುದು ಅಂದರು. ಟೈಪ್ ಮಾಡುವಾಗ ಫೋನ್ ಬಂತು, ಅದನ್ನು ತೆಗೆದುಕೊಳ್ಳಲು ಹೋದಾಗ ಕಾಲು ಪೆಡಲಿನ ಮೇಲೇ ಉಳಿದಿತ್ತು ಅನ್ನುವುದು ಅವರ ವಿವರಣೆ. ಅದು ಹೇಗೆ ಅಂತ ತೋರಿಸಲು ಫೋಟೋ ತೆಗೆಸಿದರು. ಎಡಗೈ ಹಿಂದಕ್ಕೆ ಚಾಚಿ ಫೋನ್ ಹಿಡಿದು, ಕಾಲನ್ನು ಮುಂದಕ್ಕೆ ಪೆಡಲಿನ ಮೇಲೆ ಒತ್ತಿ, ಕುರ್ಚಿಯಿಂದ ಜಾರುವ ಹಾಗೆ ಕೂತ ಆ ಭಂಗಿಯಲ್ಲಿ ಯಾರಾದರೂ ಐದು ನಿಮಿಷ ಇರಬಹುದು ಅಂತ ನಂಬುವುದು ಕಷ್ಟವಾಯಿತು. ಕೋರ್ಟಿಗೆ ವರದಿ ಕೊಟ್ಟ ತಜ್ಞರು ಅಲ್ಲಿ ಕನಿಷ್ಠ ಐದು ಸಲ ಬೇರೆಬೇರೆಯಾಗಿ ಅಳಿಸಲಾಗಿದೆ ಅಂದರು. ಯಾರು ಅಳಿಸಿದರು ಅನ್ನುವುದು ಇವತ್ತಿಗೂ ಬಗೆಹರಿದಿಲ್ಲ.

1974ರ ಏಪ್ರಿಲ್ ಕೊನೆಗೆ ನಿಕ್ಸನ್ ಟೇಪುಗಳ ಮಾತಿನ, ತಾವೇ ತಿದ್ದಿಸಿದ ಬರಹ ರೂಪವನ್ನು, 1,200ಕ್ಕೂ ಹೆಚ್ಚು ಪುಟ, ಬಿಡುಗಡೆ ಮಾಡಿದರು. ಇದರಿಂದ ತಮ್ಮ ಮೇಲಿನ ಅನುಮಾನ ಹೋಗುತ್ತದೆ ಅಂದುಕೊಂಡಿದ್ದರು. ಆದದ್ದು ಉಲ್ಟಾ. ಬೈಗುಳ ಇದ್ದ ಕಡೆಯೆಲ್ಲ ‘ಅಸಭ್ಯ ಪದ ತೆಗೆಯಲಾಗಿದೆ’ ಅಂತ ಇತ್ತು. ಆದರೆ ಜನರಿಗೆ ಬೇಸರವಾದದ್ದು ಬೈಗುಳಕ್ಕಿಂತ ಹೆಚ್ಚಾಗಿ ಅಲ್ಲಿ ಏನು ಇಲ್ಲ ಅನ್ನುವುದಕ್ಕೆ. ಕಳ್ಳರ ಬಾಯಿ ಮುಚ್ಚಿಸಲು ಹತ್ತು ಲಕ್ಷ ಡಾಲರ್ ಬೇಕಾಗಬಹುದು ಅಂತ ಡೀನ್ ಹೇಳಿದಾಗ, ಆ ದುಡ್ಡು ನಗದಾಗಿ ಸಿಗುತ್ತದೆ, ಎಲ್ಲಿ ಸಿಗುತ್ತದೆ ಅಂತ ನನಗೆ ಗೊತ್ತು ಅನ್ನುತ್ತಾರೆ ಅಧ್ಯಕ್ಷರು. ದೇಶಕ್ಕೆ ಯಾವುದು ಸರಿ ಅನ್ನುವ ಪ್ರಶ್ನೆ ಪುಟ ಪುಟ ಓದಿದರೂ ಸಿಗುವುದಿಲ್ಲ. ಅಲ್ಲಿಯವರೆಗೆ ನಿಕ್ಸನ್ ಪರವಾಗಿದ್ದ ಚಿಕಾಗೊ ಟ್ರಿಬ್ಯೂನ್ ಪತ್ರಿಕೆಯೇ ನೀವು ಹೋಗಬೇಕು ಅಂತ ಬರೆಯಿತು.

ಜುಲೈ 24ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. 8-0. ಎಂಟರಲ್ಲಿ ಮೂವರು, ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಸೇರಿ, ನಿಕ್ಸನ್ ಅವರೇ ನೇಮಿಸಿದವರು. ಟೇಪು ಕೊಡಲೇಬೇಕು ಅಂದರು. ಕೆಲವೇ ದಿನದಲ್ಲಿ ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಪೀಟರ್ ರೊಡಿನೊ ಅವರ ಅಧ್ಯಕ್ಷತೆಯ ಸಮಿತಿ ವಾಗ್ದಂಡನೆಯ, ಅಂದರೆ ಅಧ್ಯಕ್ಷರನ್ನು ಹುದ್ದೆಯಿಂದ ತೆಗೆಯಲು ಹೊರಿಸುವ, ಮೂರು ಆರೋಪಗಳನ್ನು ಒಪ್ಪಿತು. ಮೊದಲನೆಯದಕ್ಕೆ ನಿಕ್ಸನ್ ಅವರದ್ದೇ ಪಕ್ಷದ ಆರು ರಿಪಬ್ಲಿಕನ್ನರೂ ಕೈ ಎತ್ತಿದರು. ಆಗಸ್ಟ್ 5ಕ್ಕೆ ಆ ಜೂನ್ 23ರ ಟೇಪು ಹೊರಬಂತು. ಎಫ್‌ಬಿಐ ತಡೆಯಿರಿ ಅನ್ನುವ ಮಾತು ಅಧ್ಯಕ್ಷರದ್ದೇ ದನಿಯಲ್ಲಿತ್ತು. ಅವರ ಪಕ್ಷದ ಹಿರಿಯ ಬ್ಯಾರಿ ಗೋಲ್ಡ್‌ವಾಟರ್ ಇನ್ನಿಬ್ಬರ ಜೊತೆ ಹೋಗಿ ಸೆನೆಟ್‌ನಲ್ಲಿ ನಿಮಗೆ ಬೆಂಬಲ ಉಳಿದಿಲ್ಲ ಅಂತ ಸೂಕ್ಷ್ಮವಾಗಿ ತಿಳಿಸಿದರು. ಆಗಸ್ಟ್ 9ರಂದು ನಿಕ್ಸನ್ ಕೆಳಗಿಳಿದರು. ರಾಜೀನಾಮೆ ಕೊಟ್ಟ ಅಮೆರಿಕದ ಅಧ್ಯಕ್ಷ ಇವತ್ತಿಗೂ ಅವರೊಬ್ಬರೇ.

ಇದನ್ನೆಲ್ಲ ಇಬ್ಬರು ಪತ್ರಕರ್ತರು ಬಯಲಿಗೆಳೆದರು ಅನ್ನುವ ಮಾತು ತುಂಬಾ ಪ್ರಚಾರದಲ್ಲಿದೆ. ವಾಷಿಂಗ್ಟನ್ ಪೋಸ್ಟ್‌ನ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಮಾಡಿದ ಕೆಲಸ ದೊಡ್ಡದು. ಬೇರೆಯವರು ಸುಮ್ಮನಿದ್ದಾಗ ಅವರು ಸುದ್ದಿಯನ್ನು ಜೀವಂತವಾಗಿಟ್ಟರು. ಆದರೆ ಅವರ ಗುಪ್ತ ಮೂಲವೇ ಎಫ್‌ಬಿಐಯ ಎರಡನೇ ಅಧಿಕಾರಿ ಮಾರ್ಕ್ ಫೆಲ್ಟ್ ಅಂತ 2005ರಲ್ಲಿ ಗೊತ್ತಾಯಿತು. ಕಾವಲುಗಾರ, ಎಫ್‌ಬಿಐ, ನ್ಯಾಯಾಧೀಶ, ಸೆನೆಟ್, ರಾಜೀನಾಮೆ ಕೊಟ್ಟ ಅಧಿಕಾರಿಗಳು, ಇಷ್ಟು ಕೊಂಡಿಗಳಲ್ಲಿ ಒಂದು ಕಳಚಿದ್ದರೂ ನಿಜ ಹೊರಬರುತ್ತಿತ್ತೋ ಇಲ್ಲವೋ.

ನಂಬಿಕೆ ಎಲ್ಲಿ ಮುರಿಯಿತು?

ಈಗ ಅಂಕಿಗಳಿಗೆ ವಾಪಸ್ ಬರೋಣ. 1964ರಲ್ಲಿ 77 ಇದ್ದದ್ದು 1972ರ ಹೊತ್ತಿಗಾಗಲೇ 53ಕ್ಕೆ ಇಳಿದಿತ್ತು. ವಾಟರ್‌ಗೇಟ್ ಏನು ಅಂತ ಜನರಿಗೆ ಸರಿಯಾಗಿ ಗೊತ್ತಾಗುವ ಮೊದಲೇ. ಕಾರಣ ಮುಖ್ಯವಾಗಿ ವಿಯೆಟ್ನಾಂ. ಯುದ್ಧ ಗೆಲ್ಲುತ್ತಿದ್ದೇವೆ ಅಂತ ಸರ್ಕಾರ ಹೇಳುತ್ತಿತ್ತು, ಹುಡುಗರ ಹೆಣ ಊರಿಗೆ ಬರುತ್ತಿತ್ತು. ಜನಾಂಗೀಯ ಗಲಭೆ, ಕೊಲೆಗಳು, ನಗರಗಳಲ್ಲಿ ಬೆಂಕಿ, ಇವೂ ಸೇರಿದವು. ವಾಟರ್‌ಗೇಟ್ ಕಾಲದಲ್ಲಿ 53ರಿಂದ 36ಕ್ಕೆ ಬಂತು. ಇಡೀ ಕುಸಿತದಲ್ಲಿ ಇದರ ಪಾಲು ಅರ್ಧಕ್ಕಿಂತ ಕಡಿಮೆ. ಆದರೆ ಎರಡೇ ವರ್ಷದಲ್ಲಿ.

ಇಲ್ಲಿ ಎರಡು ಬೇರೆ ವಿಷಯ ಕಲಸಿಹೋಗುತ್ತವೆ. ಒಬ್ಬ ನಾಯಕನ ಜನಪ್ರಿಯತೆ ಬೇರೆ, ಸರ್ಕಾರದ ಮೇಲಿನ ನಂಬಿಕೆ ಬೇರೆ. ನಿಕ್ಸನ್ ಅವರ ಜನಪ್ರಿಯತೆ 1973ರ ಜನವರಿಯಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ 67ರ ಸುಮಾರಿಗಿತ್ತು, ಇಳಿಯುವಾಗ 24. ಜನಪ್ರಿಯತೆ ಆ ವ್ಯಕ್ತಿಯ ಜೊತೆ ಹೋಗುತ್ತದೆ, ಹೊಸಬರು ಬಂದರೆ ಲೆಕ್ಕ ಹೊಸದಾಗಿ ಶುರು. ನಂಬಿಕೆ ಹಾಗಲ್ಲ. ಒಡೆದ ಹಾಲಿನ ಹಾಗೆ, ಪಾತ್ರೆ ಬದಲಾಯಿಸಿದರೆ ಸರಿಹೋಗುವುದಿಲ್ಲ.

ಹೊಸಬರು ಬಂದದ್ದೂ ಆಯಿತು. ಆಗ್ನ್ಯೂ ಜಾಗಕ್ಕೆ ಉಪಾಧ್ಯಕ್ಷರಾಗಿ ಬಂದಿದ್ದ ಜೆರಾಲ್ಡ್ ಫೋರ್ಡ್ ಈಗ ಅಧ್ಯಕ್ಷರಾದರು, ಸಜ್ಜನ ಅಂತ ಹೆಸರಾದವರು. ನಮ್ಮ ದೇಶದ ದೀರ್ಘ ದುಃಸ್ವಪ್ನ ಮುಗಿಯಿತು ಅಂದರು. ಜನ ಉಸಿರು ಬಿಟ್ಟರು, ಅವರ ಜನಪ್ರಿಯತೆ 71 ಮುಟ್ಟಿತು. ಒಂದು ತಿಂಗಳಾಗಿತ್ತು ಅಷ್ಟೇ. ಸೆಪ್ಟೆಂಬರ್ 8, ಭಾನುವಾರ ಬೆಳಗ್ಗೆ, ಫೋರ್ಡ್ ಟಿವಿಯಲ್ಲಿ ಬಂದು ನಿಕ್ಸನ್‌ಗೆ ಪೂರ್ತಿ ಕ್ಷಮಾದಾನ ಕೊಟ್ಟರು. ಅಧ್ಯಕ್ಷರಾಗಿದ್ದಾಗ ಮಾಡಿದ ಮತ್ತು ಮಾಡಿರಬಹುದಾದ ಎಲ್ಲ ಅಪರಾಧಕ್ಕೂ. ಆಗಿನ್ನೂ ಕೇಸೇ ಹಾಕಿರಲಿಲ್ಲ. ಫೋರ್ಡ್ ಅವರ ಪತ್ರಿಕಾ ಕಾರ್ಯದರ್ಶಿ ಜೆರಾಲ್ಡ್ ಟರ್‌ಹಾರ್ಸ್ಟ್ ಅದೇ ದಿನ ರಾಜೀನಾಮೆ ಕೊಟ್ಟರು. ತಿಂಗಳ ಕೊನೆಗೆ ಜನಪ್ರಿಯತೆ 50ಕ್ಕೆ ಬಂದಿತ್ತು.

ಕಳ್ಳರು ಜೈಲು ಕಂಡರು. ಮಿಚೆಲ್, ಹಾಲ್ಡ್‌ಮನ್, ಅರ್ಲಿಕ್‌ಮನ್ ಎಲ್ಲರೂ ಜೈಲು ಕಂಡರು. ಯಾರಿಗೋಸ್ಕರ ಇದೆಲ್ಲ ನಡೆಯಿತೋ ಅವರು ಮಾತ್ರ ಕ್ಯಾಲಿಫೋರ್ನಿಯಾದ ಸಮುದ್ರದ ದಂಡೆಯ ಮನೆಗೆ ಹೋದರು. ದೇಶ ಮುಂದೆ ಸಾಗಬೇಕಿತ್ತು, ವರ್ಷಗಟ್ಟಲೆ ವಿಚಾರಣೆ ನಡೆದರೆ ಗಾಯ ಮಾಯುತ್ತಿರಲಿಲ್ಲ ಅನ್ನುವುದು ಫೋರ್ಡ್ ವಾದ. ಹೌಸ್ ಸಮಿತಿಯ ಮುಂದೆ ಸ್ವತಃ ಹೋಗಿ ಕೂತು ಯಾವ ಒಳಒಪ್ಪಂದವೂ ಇರಲಿಲ್ಲ ಅಂತ ಹೇಳಿದರು. 2001ರಲ್ಲಿ ಕೆನಡಿ ಲೈಬ್ರರಿಯವರು ಇದೇ ನಿರ್ಧಾರಕ್ಕಾಗಿ ಅವರಿಗೆ ಧೈರ್ಯದ ಪ್ರಶಸ್ತಿ ಕೊಟ್ಟರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನಂಬಿಕೆ ಪೂರ್ತಿ ಕೈಬಿಟ್ಟುಹೋದದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಅಲ್ಲಿಯವರೆಗೆ ವ್ಯವಸ್ಥೆ ಹೇಳುತ್ತಿದ್ದದ್ದು, ಕಾನೂನಿನ ಮುಂದೆ ಎಲ್ಲರೂ ಒಂದೇ ಅಂತ. ಆ ಭಾನುವಾರ ಅದಕ್ಕೆ ಒಂದು ‘ಆದರೆ’ ಸೇರಿತು. ನವೆಂಬರಿನ ಚುನಾವಣೆಯಲ್ಲಿ ಹೌಸ್‌ನಲ್ಲಿ ಡೆಮಾಕ್ರಟರಿಗೆ 49 ಸೀಟು ಜಾಸ್ತಿ ಸಿಕ್ಕಿತು. 1976ರಲ್ಲಿ ನಾನು ನಿಮಗೆ ಯಾವತ್ತೂ ಸುಳ್ಳು ಹೇಳುವುದಿಲ್ಲ ಅಂದ ಜಿಮ್ಮಿ ಕಾರ್ಟರ್ ಎದುರು ಫೋರ್ಡ್ ಕಡಿಮೆ ಅಂತರದಲ್ಲಿ ಸೋತರು. ಅಧ್ಯಕ್ಷ ಸ್ಥಾನಕ್ಕೆ ನಿಂತವರು ಸುಳ್ಳು ಹೇಳುವುದಿಲ್ಲ ಅಂತ ಭಾಷೆ ಕೊಟ್ಟು ಮತ ಕೇಳುವ ಕಾಲ ಬಂದಿತ್ತು.

ಇನ್ನೂ ಒಂದು ಕಾರಣವಿದೆ. ಒಂದು ಕಪಾಟು ತೆರೆದ ಮೇಲೆ ಜನ ಉಳಿದವನ್ನೂ ತೆರೆಯಿರಿ ಅಂದರು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಸಿಐಎ, ಎಫ್‌ಬಿಐಗಳ ಹಳೆಯ ಕಡತ ತೆಗೆಯಿತು. ಸ್ವಂತ ಪ್ರಜೆಗಳ ಮೇಲೆ ಬೇಹುಗಾರಿಕೆ, ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಕೊಟ್ಟ ಕಿರುಕುಳ, ಎರಡೂ ಪಕ್ಷದ ಅಧ್ಯಕ್ಷರ ಕಾಲದ ಅಧಿಕಾರ ದುರ್ಬಳಕೆ ಹೊರಬಂತು. ನಿಕ್ಸನ್ ಒಬ್ಬರೇ ಕೆಟ್ಟವರು ಅಂದುಕೊಂಡು ಸಮಾಧಾನ ಮಾಡಿಕೊಳ್ಳುವ ದಾರಿಯೂ ಮುಚ್ಚಿತು. 1980ರ ಹೊತ್ತಿಗೆ ಸರ್ಕಾರವನ್ನು ನಂಬುವವರು ಸುಮಾರು ಕಾಲು ಭಾಗಕ್ಕೆ ಇಳಿದರು.

ನಂಬಿಕೆಯ ಜಾಗಕ್ಕೆ ಬಂದದ್ದು

ಅಪನಂಬಿಕೆಯಲ್ಲಿ ಎರಡು ಥರ ಇದೆ. ನಿಮ್ಮನ್ನು ನಂಬುವುದಿಲ್ಲ, ಲೆಕ್ಕ ತೋರಿಸಿ ಅನ್ನುವುದು ಒಂದು. ಎಲ್ಲರೂ ಅಷ್ಟೇ ಬಿಡಿ ಅನ್ನುವುದು ಇನ್ನೊಂದು. ವಾಟರ್‌ಗೇಟ್ ನಂತರ ಅಮೆರಿಕದಲ್ಲಿ ಎರಡೂ ಒಟ್ಟಿಗೇ ಬೆಳೆದವು.

ಮೊದಲನೆಯದು ಕಾನೂನುಗಳನ್ನು ತಂದಿತು. 1974ರಲ್ಲಿ ಚುನಾವಣಾ ದೇಣಿಗೆಗೆ ಮಿತಿ, ಅದನ್ನು ನೋಡಿಕೊಳ್ಳಲು ಒಂದು ಆಯೋಗ. ಅದೇ ವರ್ಷ ಮಾಹಿತಿ ಹಕ್ಕಿನ ಕಾನೂನಿಗೆ ಬಲ. ಫೋರ್ಡ್ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ, ಸಂಸತ್ತು ಅವರನ್ನು ಮೀರಿ ಪಾಸು ಮಾಡಿತು. 1978 ಒಂದೇ ವರ್ಷದಲ್ಲಿ ಅಧಿಕಾರಿಗಳು ಆಸ್ತಿ ವಿವರ ಕೊಡಬೇಕು ಅನ್ನುವ ಕಾನೂನು, ಇಲಾಖೆಗಳ ಒಳಗೇ ತಪ್ಪು ಹುಡುಕುವ ಇನ್‌ಸ್ಪೆಕ್ಟರ್ ಜನರಲ್‌ಗಳು, ಬೇಹುಗಾರಿಕೆಗೆ ವಿಶೇಷ ಕೋರ್ಟಿನ ಅನುಮತಿ, ಅಧ್ಯಕ್ಷರ ಕಾಗದಪತ್ರ ದೇಶದ ಆಸ್ತಿ ಅನ್ನುವ ನಿಯಮ, ಎಲ್ಲ ಬಂದವು. ವ್ಯಕ್ತಿಯನ್ನು ನಂಬುವ ಕಡೆ ನಿಯಮವನ್ನು ಇಟ್ಟರು. ಇದು ಆರೋಗ್ಯಕರ ಅಪನಂಬಿಕೆ.

ಎರಡನೆಯದಕ್ಕೆ ಕಾನೂನಿಲ್ಲ, ಮದ್ದೂ ಸಿಕ್ಕಿಲ್ಲ. ಎಲ್ಲರೂ ಅಷ್ಟೇ ಅಂತ ಜನ ಒಪ್ಪಿಕೊಂಡ ಮೇಲೆ ನಿಜವಾಗಿ ತಪ್ಪು ಮಾಡಿದವರಿಗೆ ಅದರಷ್ಟು ಅನುಕೂಲ ಬೇರೆ ಇಲ್ಲ. ಪ್ರಾಮಾಣಿಕನಿಗೆ ಬೆಲೆ ಇರುವುದಿಲ್ಲ, ಕಳ್ಳನಿಗೆ ನಾಚಿಕೆ ಇರುವುದಿಲ್ಲ. ವಾಟರ್‌ಗೇಟ್‌ನಿಂದ ಕಲಿತ ಪಾಠ ಅಂತ ಈ ಮಾತು ಹೇಳುವವರು ರಿಚರ್ಡ್‌ಸನ್, ರಕಲ್ಸ್‌ಹೌಸ್, ಆ ಆರು ರಿಪಬ್ಲಿಕನ್ ಸದಸ್ಯರು, ಆ ಕಾವಲುಗಾರ ಹುಡುಗ, ಇವರನ್ನೆಲ್ಲ ಮರೆತುಬಿಡುತ್ತಾರೆ. ಫ್ರಾಂಕ್ ವಿಲ್ಸ್ 2000ದಲ್ಲಿ ಬಡತನದಲ್ಲೇ ತೀರಿಕೊಂಡರು.

ಹಾಗಂತ ಪ್ರತಿ ಹಗರಣವೂ ಇಷ್ಟು ಪೆಟ್ಟು ಕೊಡುವುದಿಲ್ಲ. 1986ರಲ್ಲಿ ಇರಾನ್‌ಗೆ ಗುಪ್ತವಾಗಿ ಶಸ್ತ್ರ ಮಾರಿ, ಆ ದುಡ್ಡನ್ನು ನಿಕಾರಾಗುವದ ಬಂಡುಕೋರರಿಗೆ ತಿರುಗಿಸಿದ್ದು ಬಯಲಾದಾಗ ರೊನಾಲ್ಡ್ ರೇಗನ್ ಅವರ ಜನಪ್ರಿಯತೆ ಒಂದೇ ಏಟಿಗೆ ಹದಿನೈದಕ್ಕೂ ಹೆಚ್ಚು ಅಂಶ ಬಿತ್ತು. 1987ರ ಮಾರ್ಚಿನಲ್ಲಿ ಅವರು ಟಿವಿಯಲ್ಲಿ ಬಂದು, ಒತ್ತೆಯಾಳುಗಳಿಗಾಗಿ ಶಸ್ತ್ರ ಕೊಟ್ಟಿಲ್ಲ ಅಂತ ಹೇಳಿದ್ದೆ, ನನ್ನ ಮನಸ್ಸು ಈಗಲೂ ಹಾಗೇ ಹೇಳುತ್ತದೆ, ಆದರೆ ಪುರಾವೆಗಳು ಹಾಗಲ್ಲ ಅನ್ನುತ್ತಿವೆ ಅಂತ ಒಪ್ಪಿದರು. ಪೂರ್ತಿ ಒಪ್ಪಿಗೆ ಅಲ್ಲ, ಆದರೂ ನಿಕ್ಸನ್ ಮಾಡದ ಕೆಲಸ. ಅಧಿಕಾರ ಬಿಡುವಾಗ ಅವರ ಜನಪ್ರಿಯತೆ ಮತ್ತೆ 60 ದಾಟಿತ್ತು. ಬಿಲ್ ಕ್ಲಿಂಟನ್ ಅವರ ಮೇಲೆ 1998ರಲ್ಲಿ ವಾಗ್ದಂಡನೆ ಆದಾಗಂತೂ ಅವರ ಜನಪ್ರಿಯತೆ 73ಕ್ಕೆ ಏರಿತು. ಪ್ರಮಾಣ ಮಾಡಿ ಸುಳ್ಳು ಹೇಳಿದ ಆರೋಪವಿದ್ದರೂ ಜನ ಅದನ್ನು ಖಾಸಗಿ ವಿಷಯ ಅಂತ ನೋಡಿದರು, ಆರ್ಥಿಕತೆಯೂ ಚೆನ್ನಾಗಿತ್ತು. ಅಧ್ಯಕ್ಷನ ಅಧಿಕಾರವನ್ನು ಜನರ ವಿರುದ್ಧವೇ ತಿರುಗಿಸಿದರೋ ಇಲ್ಲವೋ ಅನ್ನುವುದನ್ನು ಜನ ಗಮನಿಸುತ್ತಾರೆ ಅಂತ ಇದರಿಂದ ಕಾಣುತ್ತದೆ. ಆದರೆ ಸ್ವತಂತ್ರ ತನಿಖಾಧಿಕಾರಿ ನೇಮಿಸುವ ವಾಟರ್‌ಗೇಟ್ ನಂತರದ ಕಾನೂನು ಆ ಜಗಳದಲ್ಲಿ ಎರಡೂ ಪಕ್ಷಗಳಿಗೆ ಬೇಡವಾಯಿತು. 1999ರಲ್ಲಿ ಅದನ್ನು ಮುಂದುವರಿಸದೆ ಬಿಟ್ಟರು.

ಸೆಪ್ಟೆಂಬರ್ 11ರ ದಾಳಿಯ ನಂತರ, 2001ರ ಕೊನೆಯಲ್ಲಿ, ಆ ಹಳೆಯ ಪ್ರಶ್ನೆಗೆ ನಂಬುತ್ತೇವೆ ಅನ್ನುವವರು ಸ್ವಲ್ಪ ಕಾಲ ಅರ್ಧಕ್ಕಿಂತ ಹೆಚ್ಚಾದರು. ಇರಾಕ್ ಯುದ್ಧದ ಹೊತ್ತಿಗೆ ಅದೂ ಇಳಿಯಿತು. ಈಚಿನ ವರ್ಷಗಳಲ್ಲಿ ಅದು 20ರ ಆಸುಪಾಸಿನಲ್ಲಿದೆ.

1977ರಲ್ಲಿ ಡೇವಿಡ್ ಫ್ರಾಸ್ಟ್‌ಗೆ ಕೊಟ್ಟ ಟಿವಿ ಸಂದರ್ಶನದಲ್ಲಿ ನಿಕ್ಸನ್ ಹೇಳಿದ್ದರು, ಅಧ್ಯಕ್ಷ ಮಾಡಿದ ಅಂದರೆ ಅದು ಕಾನೂನುಬಾಹಿರ ಅಲ್ಲ ಅಂತ. ಅವತ್ತು ಆ ಮಾತು ಕೇಳಿ ಜನ ದಂಗಾಗಿದ್ದರು. 2024ರ ಜುಲೈ 1ರಂದು ಡೊನಾಲ್ಡ್ ಟ್ರಂಪ್ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 6-3ರಿಂದ ತೀರ್ಪು ಕೊಟ್ಟಿತು. ಅಧ್ಯಕ್ಷರು ಸಂವಿಧಾನ ಕೊಟ್ಟ ಮುಖ್ಯ ಅಧಿಕಾರ ಬಳಸಿ ಮಾಡಿದ ಕೆಲಸಕ್ಕೆ ಕ್ರಿಮಿನಲ್ ಕೇಸು ಹಾಕುವಂತಿಲ್ಲ, ಬೇರೆ ಅಧಿಕೃತ ಕೆಲಸಗಳಿಗೂ ಕನಿಷ್ಠ ಪೂರ್ವಭಾವಿ ರಕ್ಷಣೆ ಇದೆ, ನ್ಯಾಯ ಇಲಾಖೆಯವರ ಜೊತೆ ಆಡಿದ ಮಾತಿಗೆ ಪೂರ್ತಿ ರಕ್ಷಣೆ ಇದೆ ಅಂತ. 1973ರಲ್ಲಿ ಸಾಕ್ಷಿ ಹೇಳಿದ ಜಾನ್ ಡೀನ್ ಆ ದಿನ ಪ್ರತಿಕ್ರಿಯೆ ಕೊಟ್ಟರು. ಈ ನಿಯಮ ಆಗ ಇದ್ದಿದ್ದರೆ ನಿಕ್ಸನ್ ಪಾರಾಗುತ್ತಿದ್ದರು, ಅವರ ವಿರುದ್ಧದ ಸಾಕ್ಷ್ಯ ಹೆಚ್ಚುಕಮ್ಮಿ ಎಲ್ಲವೂ ಅಧಿಕೃತ ಕೆಲಸದ ಲೆಕ್ಕಕ್ಕೆ ಹೋಗಬಹುದಿತ್ತು ಅನ್ನುವ ಅರ್ಥದ ಮಾತು ಅವರದ್ದು. ಇದನ್ನು ಒಪ್ಪದವರೂ ಇದ್ದಾರೆ. ಚುನಾವಣೆ ಗೆಲ್ಲಲು ಮಾಡಿದ್ದು ಅಧಿಕೃತ ಕೆಲಸ ಹೇಗಾಗುತ್ತದೆ ಅಂತ ಅವರು ಕೇಳುತ್ತಾರೆ. ಯಾವುದು ಅಧಿಕೃತ, ಯಾವುದು ಅಲ್ಲ ಅನ್ನುವ ಗೆರೆಯನ್ನು ಕೋರ್ಟುಗಳು ಒಂದೊಂದೇ ಕೇಸಿನಲ್ಲಿ ಎಳೆಯಬೇಕಿದೆ.